ಗೀತಮ್ಮ ಉಡಿ ತುಂಬಬೇಕೋ ಬೇಡವೋ

ಕಾನಹೊಸಹಳ್ಳಿ
೧೧ ಜನವರಿ ೧೯೯೮

ಪೂಜ್ಯ ಗುರುಬಸವರಾಜ ಸರ್ ಅವರಿಗೆ, ನಿಮ್ಮ ವಿದ್ಯಾರ್ಥಿನಿ ಸೌಭಾಗ್ಯಳ ನಮಸ್ಕಾರಗಳು.

ನಿಮ್ಮ ಕಾರ್ಡು ಬಂತು. ಹರಪನಹಳ್ಳಿ ಕಾಲೇಜಿನಲ್ಲಿ ನಿಮ್ಮ ಕೈಯಲ್ಲಿ ಬಿ.ಎ. ಕಲಿತವರ ಪೈಕಿ ಇನ್ನೂ ಬರೆಯುವವರು ಯಾರಿದ್ದೀರಿ ಅಂತ ಕೇಳಿದ್ದೀರಿ. ನಾನಿದ್ದೇನೆ ಸರ್. ಅತ್ತೆಯ ತಂಗಿಗೆ ತಿಂಗಳಿಗೊಂದು ಪತ್ರ ಬರೆಯುತ್ತೇನೆ. ಕಥೆ ಬರೆದು ಮಾತ್ರ ಆರು ವರ್ಷವಾಯಿತು. ಮದುವೆಯಾಗಿಯೂ ಅಷ್ಟೇ ಆಯಿತು. ಮಕ್ಕಳಿಲ್ಲ.

ನಮ್ಮ ಮನೆಯವರು ನಿಮಗೆ ನೆನಪಿರಬೇಕು, ಯರ್ರಿಸ್ವಾಮಿ. ಪಿಯುಸಿಯಲ್ಲಿ ನಿಮ್ಮ ವಿದ್ಯಾರ್ಥಿ, ನಿಮ್ಮ ಇಂಗ್ಲಿಷಿನಲ್ಲೇ ಎರಡು ಸಲ ಫೇಲಾದವರು. ಈಗ ಹೈವೇ ಪಕ್ಕ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ನಿಮ್ಮ ಕಾರ್ಡು ಅಂಗಡಿಗೆ ಬಂದಾಗ ಕುಂತವರು ಎದ್ದು ನಿಂತು ಓದಿದರಂತೆ. "ನಮ್ಮಪ್ಪಗೂ ನಾ ಹಿಂಗ ಎದ್ದು ನಿಂತಿಲ್ಲ. ಆ ಸರ್ ಅಂದ್ರ ಈಗೂ ನನ್ನ ಕಾಲು ನಡಗ್ತಾವು" ಅಂದರು.

ನನ್ನ ಪತ್ರಗಳನ್ನು ಇವರೇ ಅಂಚೆಗೆ ಹಾಕುತ್ತಾರೆ. ಹಾಕುವ ಮುನ್ನ ಒಂದು ಸಲ ಓದುತ್ತಾರೆ, ತಪ್ಪಿದ್ದರೆ ತಿದ್ದುವುದಕ್ಕಂತೆ. ಮೇಲೆ 'ಕಥೆ' ಅಂತಿದ್ದರೆ ಮಾತ್ರ ಓದುವುದಿಲ್ಲ, ತಲೆ ಹಿಡಿಯುತ್ತದಂತೆ. ನಿಮ್ಮ ಕವರನ್ನು ಒಡೆಯುವ ಧೈರ್ಯವೂ ಇವರಿಗಿಲ್ಲ. ಹಾಗಾಗಿ ನೀವು ಏನು ಬರೆಯಬೇಕೆಂದು ಹೇಳಿ, ಬರೆಯುತ್ತೇನೆ.

ನಿಮ್ಮ
ಸೌಭಾಗ್ಯ


ಹರಪನಹಳ್ಳಿ
೨೬ ಜನವರಿ ೧೯೯೮

ಪ್ರೀತಿಯ ಸೌಭಾಗ್ಯಾ,

ನಿನ್ನ ಪತ್ರ ಓದಿ ಒಬ್ಬನೇ ನಕ್ಕೆ. ಹೆಂಡತಿಯ ಪತ್ರವನ್ನು ತಿದ್ದಲು ಓದುವ ಗಂಡ, ಅದೂ ಎರಡು ಸಲ ಫೇಲಾದವನು! ನಿನಗೇ ತಿಳಿಯದೆ ನೀನು ಕಥೆ ಶುರುಮಾಡಿಬಿಟ್ಟಿದ್ದೀಯ.

ಮುಂದಿನ ವರ್ಷ ನನಗೆ ನಿವೃತ್ತಿ. ಅಷ್ಟರೊಳಗೆ ಒಂದು ಪುಸ್ತಕ ಮಾಡುವ ಹಟ. ಇಂಗ್ಲೆಂಡಿನ ಸಾಧಾರಣ ಜನರ ಮೇಲೆ ಬರೆದ ನಗೆಯ ಕಥೆಗಳು ಯಾಕೆ ಅಷ್ಟು ಚೆನ್ನಾಗಿ ನಿಲ್ಲುತ್ತವೆ, ಅದೇ ಹದದಲ್ಲಿ ನಮ್ಮ ಕೂಡ್ಲಿಗಿ, ಹಡಗಲಿ ಕಡೆಯ ಜನರನ್ನು ಬರೆಯಲಾದೀತೆ ಅಂತ. ನಾನು ಇಂಗ್ಲೆಂಡ್ ಕಂಡವನಲ್ಲ, ಹುಬ್ಬಳ್ಳಿ ಕಂಡದ್ದೇ ಹೆಚ್ಚು. ಆದರೂ ಆ ಬೀದಿಗಳು ನನಗೆ ಕೊಟ್ಟೂರಿನ ಓಣಿಗಳಷ್ಟೇ ಪರಿಚಯ.

ಕ್ಲಾಸಿನಲ್ಲಿ ಹೇಳುತ್ತಿದ್ದ ಏಣಿಯ ಕಥೆ ನೆನಪಿದೆಯೆ? ಒಬ್ಬ ರಿಟೈರ್ಡ್ ಗುಮಾಸ್ತ ಪಕ್ಕದ ಮನೆಯವನಿಗೆ ಏಣಿ ಕೊಟ್ಟಿದ್ದಾನೆ. ವರ್ಷಗಳೇ ಕಳೆದರೂ ವಾಪಸು ಬಂದಿಲ್ಲ. ದಿನಾ ಬೇಲಿಯ ಆಚೆ ಈಚೆ ನಿಂತು ಇಬ್ಬರೂ ಮಳೆ ಬಿಸಿಲಿನ ಮಾತಾಡುತ್ತಾರೆ, ಏಣಿಯ ಮಾತು ಮಾತ್ರ ಎತ್ತುವುದಿಲ್ಲ. ಕೊನೆಗೆ ಪಕ್ಕದವನು ಸಾಯುತ್ತಾನೆ. ಈತ ಕರಿ ಕೋಟು ತೊಟ್ಟು ಹೋಗಿ, ಆ ವಿಧವೆಯ ಮುಂದೆ ನಿಂತು, ಬಹಳ ಹೊತ್ತು ಒದ್ದಾಡಿ, "ಸಂಜೆಗೆ ಮಳೆ ಬರಬಹುದು" ಅನ್ನುತ್ತಾನೆ. ನಮ್ಮಲ್ಲಾಗಿದ್ದರೆ ಮೊದಲ ವಾರದಲ್ಲೇ ಓಣಿ ಸೇರಿ ಪಂಚಾಯ್ತಿ ಆಗುತ್ತಿತ್ತು, ಕಥೆಯೇ ಹುಟ್ಟುತ್ತಿರಲಿಲ್ಲ.

ಅಲ್ಲಿ ಸಂಗತಿ ಚಿಕ್ಕದು, ಒಳಗಿರುವವರಿಗೆ ಮಾತ್ರ ಅದು ಜೀವದಷ್ಟು ದೊಡ್ಡದು. ತಾವು ನಗೆಪಾಟಲಾಗುತ್ತಿದ್ದೇವೆಂದು ಅವರಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಬರೆಯುವವನು ಅವರನ್ನು ಹೀಯಾಳಿಸುವುದಿಲ್ಲ. ದುಃಖ ಬಂದಾಗ ಅವರು ಎದೆ ಬಡಿದುಕೊಳ್ಳದೆ ಎದ್ದುಹೋಗಿ ಚಹಾಕ್ಕೆ ನೀರಿಡುತ್ತಾರೆ. ಪಾತ್ರ ಅಯ್ಯೋ ಅನ್ನಕೂಡದು ಸೌಭಾಗ್ಯಾ, ಅಯ್ಯೋ ಅನ್ನಬೇಕಾದವನು ಓದುಗ.

ನಿನ್ನ ಓಣಿಯಲ್ಲಿ ಇಂಥವರು ಯಾರಿದ್ದಾರೆ ನೋಡು. ಯರ್ರಿಸ್ವಾಮಿಗೆ ಆಶೀರ್ವಾದ ತಿಳಿಸು, ಕುಳಿತೇ ಓದಲಿ.

ಗುರುಬಸವರಾಜ


ಕಾನಹೊಸಹಳ್ಳಿ
೧೫ ಫೆಬ್ರವರಿ ೧೯೯೮

ಕಥೆ: ಗೀತಮ್ಮ

ಸರ್, ನೀವು ಹೇಳಿದ ಹದದಲ್ಲೇ ಬರೆಯುತ್ತಿದ್ದೇನೆ. ಗೀತಮ್ಮ ನಮ್ಮ ಓಣಿಯವಳು ಅಂದುಕೊಳ್ಳಿ.

ಗೀತಮ್ಮನಿಗೆ ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಾಗಿಲ್ಲ. ದಾವಣಗೆರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ, ನಿನ್ನಲ್ಲಿ ಏನೂ ಊನವಿಲ್ಲ, ಮುಂದಿನ ಸಲ ಗಂಡನನ್ನು ಕರೆದುಕೊಂಡು ಬಾ ಅಂದಳು. ಗಂಡನ ಅಂಗಡಿಗೆ ಆ ವಾರ ಸುಟ್ಟ ಮೋಟಾರುಗಳು ಬಹಳ ಬಂದಿದ್ದವು. ಅದರ ಮುಂದಿನ ವಾರವೂ ಬಂದವು. ಹೀಗೆ ಆ ಸೀಮೆಯ ಮೋಟಾರುಗಳೆಲ್ಲ ಒಂದಾದ ಮೇಲೊಂದು ಸುಡುತ್ತ ಹೋದವು.

ಅತ್ತೆ ಒಳ್ಳೆಯವಳು, ಸೊಸೆಯನ್ನು ಬೈದವಳಲ್ಲ. ರೊಟ್ಟಿ ಬಡಿಯುತ್ತ ಒಂದು ದಿನ ಅಂದಳು: "ನಿನ್ನ ಬಿಡ್ತೀವಂತ ಯಾರಂದಾರ ಯವ್ವಾ? ನೀನೂ ಇರು, ಇನ್ನೊಂದು ಹುಡುಗೀನೂ ಇರಲಿ. ಇಬ್ಬರಾದ್ರ ನೀರು ತರಾಕ ಹಗುರ ಆಕೈತಿ."

ನೀರಿನ ತೊಂದರೆ ಇದ್ದದ್ದು ನಿಜ. ಗೀತಮ್ಮ ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಕೊಟ್ಟೂರಿನ ಹತ್ತಿರದ ಹಳ್ಳಿಯಲ್ಲಿ ಹುಡುಗಿಯನ್ನು ನೋಡಲು ಟೆಂಪೋ ಮಾಡಿಕೊಂಡು ಹೋದರು. ಗೀತಮ್ಮನನ್ನೂ ಕರೆದೊಯ್ದರು. ಕಿಟಕಿ ಪಕ್ಕದ ಸೀಟು ಆಕೆಗೇ ಬಿಟ್ಟರು. ಅಷ್ಟು ಮರ್ಯಾದೆ ಆಕೆಗೆ ಸ್ವಂತ ಮದುವೆಯಲ್ಲೂ ಸಿಕ್ಕಿರಲಿಲ್ಲ. ಅಲ್ಲಿ ಒಗ್ಗರಣೆ ಮಂಡಕ್ಕಿ ಮಿರ್ಚಿ ಕೊಟ್ಟರು. ಹುಡುಗಿ ಚಹಾ ತಂದಳು. ಅವಳ ತಾಯಿ ಗೀತಮ್ಮನ ಪಕ್ಕ ಕುಳಿತು ಉಪಚಾರ ಮಾಡುತ್ತ ಕೇಳಿದಳು: "ನೀವು ಹುಡುಗಗ ಏನಾಗಬೇಕ್ರಿ?"

"ಮನಿಯಾಕಿರಿ" ಅಂದಳು ಗೀತಮ್ಮ.

ತಾಯಿ ಸ್ವಲ್ಪ ಹೊತ್ತು ತನ್ನ ಕೈಬಳೆ ನೋಡಿಕೊಂಡಳು. ಆಮೇಲೆ, "ಹೌದ್ರಿ? ಇನ್ನೊಂದೀಟು ಮಂಡಕ್ಕಿ ಹಾಕ್ಲೇನ್ರಿ?" ಅಂದಳು. ಗೀತಮ್ಮ ಹಾಕಿಸಿಕೊಂಡಳು.

ಅವರ ಕುಲದಲ್ಲಿ ಒಂದು ಪದ್ಧತಿ ಇದೆ ಸರ್. ಎರಡನೆಯವಳನ್ನು ತರಬೇಕಾದರೆ ಕುಲದ ಹಿರಿಯರ ಮುಂದೆ ಮೊದಲನೆಯವಳೇ ಅವಳಿಗೆ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಬಸದ ಬಟ್ಟೆ ಎಲ್ಲ ಆಕೆಯ ಕೈಯಿಂದಲೇ ಹುಡುಗಿಯ ಸೆರಗಿಗೆ ಬೀಳಬೇಕು. ಒಲ್ಲೆ ಅಂದರೆ ಮಾತು ಅಲ್ಲಿಗೇ ಮುರಿಯುತ್ತದೆ, ಹಿರಿಯರು ಎದ್ದುಹೋಗುತ್ತಾರೆ. ಗೀತಮ್ಮ ಇನ್ನೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ.

ಕಥೆ ಇಲ್ಲಿಗೆ ನಿಂತಿದೆ. ಗೀತಮ್ಮ ಏನು ಮಾಡಬೇಕು, ನೀವೇ ಹೇಳಿ ಸರ್. ಬೇಗ ಬರೆಯಿರಿ.

ಸೌಭಾಗ್ಯ


ಹರಪನಹಳ್ಳಿ
೨೩ ಮಾರ್ಚ್ ೧೯೯೮

ಪ್ರೀತಿಯ ಸೌಭಾಗ್ಯಾ,

ತಡವಾಯಿತು, ಬೇಸರಿಸಬೇಡ. ಪರೀಕ್ಷೆಯ ಮೇಲ್ವಿಚಾರಣೆಯಲ್ಲಿ ಸಿಕ್ಕಿಬಿದ್ದಿದ್ದೆ.

"ಇನ್ನೊಂದೀಟು ಮಂಡಕ್ಕಿ ಹಾಕ್ಲೇನ್ರಿ?" ಈ ಒಂದು ಸಾಲಿಗೆ ನಿನಗೆ ನನ್ನ ಲೈಬ್ರರಿಯನ್ನೆಲ್ಲ ಬರೆದುಕೊಡಬಹುದು. ಇಡೀ ಇಂಗ್ಲೆಂಡ್ ಆ ಮಂಡಕ್ಕಿ ತಟ್ಟೆಯಲ್ಲಿದೆ! ಸ್ಟಾಫ್ ರೂಮಿನಲ್ಲಿ ಓದಿದೆ. ಬಂಗಾರಪ್ಪ ಮೇಷ್ಟ್ರು ಬಾಯಲ್ಲಿದ್ದ ಚಹಾ ಉಗುಳಿದರು.

ಗೀತಮ್ಮನ ಗಂಡನಿಗೂ ಮೋಟಾರ್ ಅಂಗಡಿಯನ್ನೇ ಕೊಟ್ಟಿದ್ದೀಯ. ಒಳ್ಳೆಯದೇ, ಬರೆಯುವವರು ಕೈಗೆ ಸಿಕ್ಕದ್ದನ್ನು ಎತ್ತಿಕೊಳ್ಳಬೇಕು. ಯರ್ರಿಸ್ವಾಮಿ ಬಾಡಿಗೆ ಕೇಳಿಯಾನು ಜೋಕೆ! ಒಂದು ಅನುಮಾನ. ಮೊದಲ ಹೆಂಡತಿ ಇರುವಾಗ ಇನ್ನೊಂದು ಮದುವೆ ಕಾನೂನಿನಲ್ಲಿ ಅಪರಾಧ, ಓದುಗ ಕೇಳಬಹುದು. ಹಾಗಂತ ಪೊಲೀಸರನ್ನು ತರಬೇಡ, ಹಾಸ್ಯದ ಗಂಟಲು ಹಿಸುಕಿದಂತಾಗುತ್ತದೆ. ನನಗೆ ಅತ್ತೆ ಬಹಳ ಹಿಡಿಸಿದಳು.

ಮುಂದಿನ ಭಾಗ ಬರಲಿ. ಅವಸರ ಬೇಡ.

ಗುರುಬಸವರಾಜ


ಕಾನಹೊಸಹಳ್ಳಿ
೨ ಏಪ್ರಿಲ್ ೧೯೯೮

ಕಥೆ: ಗೀತಮ್ಮ, ಮುಂದಿನ ಭಾಗ

ಸರ್, ಅವಸರ ಇದೆ. ಉಡಿ ತುಂಬುವ ದಿನ ಗೊತ್ತಾಯಿತು, ಏಪ್ರಿಲ್ ೨೦, ಸೋಮವಾರ ಬೆಳಿಗ್ಗೆ. ಬಸವ ಜಯಂತಿಗೆ ಮದುವೆ.

ಗೀತಮ್ಮನಿಗೆ ಒಲ್ಲೆ ಅನ್ನುವ ಮನಸ್ಸಿದೆ. ಆದರೆ ಅಷ್ಟು ಗಂಡಸರ ನಡುವೆ ಒಬ್ಬಳೇ ನಿಂತು ಅನ್ನಲು ಧೈರ್ಯ ಸಾಲದು. ತವರಿಗೆ ಹೋಗಿ ಅಣ್ಣನನ್ನು ಕೇಳಿದಳು. ಅಣ್ಣ, "ಅವರಾದ್ರೂ ಏನ ಮಾಡ್ಬೇಕವಾ, ಮನಿತನ ನಡೀಬೇಕಲ್ಲ" ಅಂದು ಆಕೆಗೆ ಸೀರೆ ಉಡಿಸಿ ಕಳಿಸಿದ. ಸೀರೆ ಚೆನ್ನಾಗಿತ್ತು.

ಗಂಡ ಕೆಟ್ಟವನಲ್ಲ. ಆಕೆಯ ಮುಖ ನೋಡಿ ಮಾತಾಡುವುದನ್ನು ಬಿಟ್ಟಿದ್ದಾನೆ, ಅಷ್ಟೇ. ಅವನು ಯಾರ ಮಾತನ್ನೂ ಕೇಳುವವನಲ್ಲ, ಒಬ್ಬರ ಮಾತನ್ನು ಬಿಟ್ಟು. ಅವರು ಅವನಿಗೆ ಪಾಠ ಹೇಳಿದವರು. ಆ ಹಿರಿಯರು ಅಂದು ಬಂದು ಚಾಪೆಯ ಮೇಲೆ ಸುಮ್ಮನೆ ಕುಳಿತರೂ ಸಾಕು, ಗೀತಮ್ಮನ ಬಾಯಿಂದ ಒಲ್ಲೆ ಅನ್ನುವ ಮಾತು ಬಂದೀತು. ಅವರ ಊರಿನಿಂದ ಕೊಟ್ಟೂರು, ಕೂಡ್ಲಿಗಿ ಮೇಲೆ ಬೆಳಗಿನ ಬಸ್ಸಿದೆ. ಗೀತಮ್ಮ ವಿಚಾರಿಸಿಟ್ಟುಕೊಂಡಿದ್ದಾಳೆ.

ಅವರು ಬರಬೇಕೋ ಬೇಡವೋ? ಗೀತಮ್ಮ ಉಡಿ ತುಂಬಬೇಕೋ ಬೇಡವೋ? ಇಷ್ಟು ಹೇಳಿ ಸರ್. ನೀವು ಹೇಳಿದಂತೆ ಮುಗಿಸುತ್ತೇನೆ. ಇಪ್ಪತ್ತರೊಳಗೆ ತಿಳಿಸಿ.

ಸೌಭಾಗ್ಯ


ಹರಪನಹಳ್ಳಿ
೧೩ ಏಪ್ರಿಲ್ ೧೯೯೮

ಪ್ರೀತಿಯ ಸೌಭಾಗ್ಯಾ,

ಈ ಸಲ ಕೂಡಲೇ ಬರೆಯುತ್ತಿದ್ದೇನೆ, ಏಕೆಂದರೆ ನೀನು ಕಥೆಯನ್ನು ಹಾಳುಮಾಡುವ ಹಾದಿಯಲ್ಲಿದ್ದೀಯ.

ಆ ಹಿರಿಯನನ್ನು ತರಬೇಡ. ಯಾರೂ ಬರಬಾರದು. ಕೊನೆಯ ಗಳಿಗೆಯಲ್ಲಿ ಬಾಗಿಲಲ್ಲಿ ಬಂದು ನಿಲ್ಲುವ ಪುಣ್ಯಾತ್ಮ ನಮ್ಮ ಕಂಪನಿ ನಾಟಕಗಳಿಗೆ ಸರಿ. ಆ ಇಂಗ್ಲಿಷ್ ಕಥೆಗಳಲ್ಲಿ ಯಾರನ್ನೂ ಯಾರೂ ಕಾಪಾಡುವುದಿಲ್ಲ, ಅದಕ್ಕೇ ಅವು ಓದಿದ ಮೇಲೂ ಬಿಡುವುದಿಲ್ಲ. ಬಸ್ಸಿನ ವಿವರವನ್ನಂತೂ ತೆಗೆದುಹಾಕು, ಕಥೆಗೆ ಅದರ ಕೆಲಸವಿಲ್ಲ.

ಗೀತಮ್ಮ ಒಲ್ಲೆ ಅನ್ನಬಾರದು. ಅಂದರೆ ಆಕೆ ನಾಯಕಿಯಾಗಿಬಿಡುತ್ತಾಳೆ, ಸಾಧಾರಣ ಹೆಂಗಸಾಗಿ ಉಳಿಯುವುದಿಲ್ಲ. ಉಡಿ ತುಂಬಲಿ. ತುಂಬುವಾಗ ಆಕೆಯ ಗಮನ ಯಾವುದೋ ಕ್ಷುಲ್ಲಕ ವಸ್ತುವಿನ ಮೇಲಿರಲಿ. ಕೊಬ್ಬರಿ ಬಟ್ಟಲು ಸೀಳಿದೆ, ಅಂಗಡಿಯವನು ಮೋಸ ಮಾಡಿದ ಅಂತ ಆಕೆಗೆ ಸಿಟ್ಟು ಬರಲಿ. ನನ್ನನ್ನು ನಂಬು, ಓದುಗ ಅಯ್ಯೋ ಅನ್ನುತ್ತಾನೆ.

ಇಪ್ಪತ್ತರೊಳಗೇ ಮುಗಿಸಬೇಕೆಂದೇನೂ ಇಲ್ಲ. ಮೊದಲ ಭಾಗವನ್ನು ಒಂದು ವಾರಪತ್ರಿಕೆಗೆ ಕಳಿಸಿದ್ದೇನೆ.

ಗುರುಬಸವರಾಜ


ಕಾನಹೊಸಹಳ್ಳಿ
೨೨ ಏಪ್ರಿಲ್ ೧೯೯೮

ಕಥೆ: ಗೀತಮ್ಮ, ಕೊನೆಯ ಭಾಗ

ಸರ್, ನಿಮ್ಮ ಪತ್ರ ಹದಿನೆಂಟಕ್ಕೆ ಬಂತು. ನೀವು ಹೇಳಿದಂತೆಯೇ ಮುಗಿಸಿದೆ.

ಸೋಮವಾರ ಹಿರಿಯರು ಬಂದು ಕುಳಿತರು. ಗೀತಮ್ಮ ಅಣ್ಣ ಕೊಟ್ಟ ಸೀರೆ ಉಟ್ಟಿದ್ದಳು. ಹುಡುಗಿ ಸೆರಗು ಒಡ್ಡಿ ನಿಂತಳು. ಹಿರಿಯರಲ್ಲಿ ಒಬ್ಬ ಪದ್ಧತಿಯಂತೆ ಕೇಳಿದ: "ನಿನ್ನ ಮನಸ್ಸಿಗೆ ಒಪ್ಪಿಗಿ ಐತೇನವಾ?"

ಗೀತಮ್ಮ ಬಾಗಿಲ ಕಡೆ ನೋಡಿದಳು. ಯಾರೂ ಬಂದಿರಲಿಲ್ಲ. ಕೊಬ್ಬರಿ ಬಟ್ಟಲು ಸೀಳಿರಲಿಲ್ಲ, ಚೆನ್ನಾಗಿತ್ತು. ಸಿಟ್ಟು ಮಾಡಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಆಕೆ ಉಡಿ ತುಂಬಿದಳು. ಆಮೇಲೆ ಒಳಗೆ ಹೋಗಿ ಎಲ್ಲರಿಗೂ ಚಹಾಕ್ಕೆ ನೀರಿಟ್ಟಳು.

ಮುಗಿಯಿತು ಸರ್.

ಸೌಭಾಗ್ಯ


ಹರಪನಹಳ್ಳಿ
೧೦ ಮೇ ೧೯೯೮

ಪ್ರೀತಿಯ ಸೌಭಾಗ್ಯಾ,

ನಾನು ಹೇಳಿದ ಸೀಳಿದ ಕೊಬ್ಬರಿಯನ್ನು ನೀನು ತಿರಸ್ಕರಿಸಿದೆ, ಗುರುವನ್ನು ಮೀರಿಸಿದೆ. "ಸಿಟ್ಟು ಮಾಡಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ" ಅನ್ನುವ ಸಾಲು ನನಗೆ ಹೊಳೆಯುತ್ತಿರಲಿಲ್ಲ. ಇಷ್ಟು ವರ್ಷ ಪಾಠ ಹೇಳಿದ್ದಕ್ಕೆ ಒಂದು ಫಲ ಸಿಕ್ಕಿತು ಅಂತ ಸಂತೋಷಪಟ್ಟೆ.

ಕೊಟ್ಟೂರಿನಲ್ಲಿ ಗೆಳೆಯರ ಸಭೆಯಲ್ಲಿ ಇಡೀ ಕಥೆ ಓದಿದೆ. ಮೋಟಾರು ಸುಡುವಲ್ಲಿ ಬಿದ್ದು ಬಿದ್ದು ನಕ್ಕರು. ಮುಗಿದ ಮೇಲೆ ಒಬ್ಬರು, "ಇಂಥ ಹೆಂಗಸು ಎಲ್ಲಾದರೂ ಇರ್ತಾಳೇನ್ರಿ, ಒಂದು ಮಾತೂ ಆಡದಾಕಿ?" ಅಂದರು. ನಾನು ಹೇಳಿದೆ, ಇರಬೇಕಾಗಿಲ್ಲ, ಕಥೆಯಲ್ಲಿದ್ದರೆ ಸಾಕು.

ಪತ್ರಿಕೆಯವರು ಒಪ್ಪಿದ್ದಾರೆ, ಜೂನ್‌ನಲ್ಲಿ ಪೂರ್ತಿ ಬರುತ್ತದೆ. ನಿನ್ನ ಹೆಸರು, ನಿನ್ನ ಊರು ಎಲ್ಲ ಹಾಕುತ್ತಾರೆ. ಮುಂದಿನ ಕಥೆ ಯಾವುದು?

ಗುರುಬಸವರಾಜ


ಹರಪನಹಳ್ಳಿ
೨೮ ಜೂನ್ ೧೯೯೮

ಸೌಭಾಗ್ಯಾ,

ನಿನ್ನ ಉತ್ತರ ಬರಲಿಲ್ಲ. ಬಾರದಿದ್ದುದಕ್ಕೆ ಕಾರಣ ಮೊನ್ನೆ ತಿಳಿಯಿತು.

ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲಿದ್ದ ಒಬ್ಬ ನನ್ನನ್ನು ಕಂಡು ಎದ್ದು ನಿಂತ. ಯರ್ರಿಸ್ವಾಮಿ. ಪಕ್ಕದಲ್ಲಿ ಚಿಕ್ಕ ವಯಸ್ಸಿನ ಒಬ್ಬ ಹುಡುಗಿ, ಕೈತುಂಬ ಹಸಿರು ಬಳೆ. "ಸರ್, ಈಕಿ ಮೈಲಮ್ಮ, ನನ್ನ ಮನಿಯಾಕಿರಿ" ಅಂದ. ಸೌಭಾಗ್ಯ ಎಲ್ಲಿ ಅಂದೆ. "ಮನ್ಯಾಗ ಅದಾಳ್ರಿ. ಆಕಿನೇ ಉಡಿ ತುಂಬ್ಯಾಳ್ರಿ ಸರ್, ಒಂದು ಮಾತಿಲ್ಲ, ಜಗಳಿಲ್ಲ. ನೀವು ಕಲಿಸಿದ ಹುಡುಗಿ ಅಲ್ಲೇನ್ರಿ" ಅಂತ ನನ್ನ ಕಾಲಿಗೆರಗಿದ. ಆ ಹುಡುಗಿಗೂ ಎರಗಲು ಹೇಳಿದ. ನಾನು ಕೈ ಎತ್ತಿ ಆಶೀರ್ವಾದ ಮಾಡಿಬಿಟ್ಟೆ.

ನೇರವಾಗಿ ಯಾಕೆ ಬರೆಯಲಿಲ್ಲ ತಾಯಿ? ಒಂದು ಸಾಲು ಸಾಕಿತ್ತು. ನೀನು ಕಥೆ ಅಂದೆ, ನಾನು ಕಥೆಯಂತೆ ಓದಿದೆ. ಬಸ್ಸಿನ ಮಾತು ಬಂದಾಗ ಒಂದು ಗಳಿಗೆ ಅನುಮಾನ ಸುಳಿದದ್ದುಂಟು. ಕಥೆ ಅಷ್ಟು ಚೆನ್ನಾಗಿ ಬರುತ್ತಿತ್ತು, ಆ ಅನುಮಾನವನ್ನು ಬೆಳೆಯಲು ಬಿಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಪತ್ರಿಕೆ ಅಚ್ಚಾಗಿ ಹೋಗಿದೆ, ತಡೆಯಲಾಗಲಿಲ್ಲ. ಈಗ ನಾನು ಬರುತ್ತೇನೆ. ಯರ್ರಿಸ್ವಾಮಿಯ ಮುಂದೆ ಕುಳಿತು ಕೇಳುತ್ತೇನೆ. ಯಾವ ದಿನ ಬರಲಿ?

ಗುರುಬಸವರಾಜ


ಕಾನಹೊಸಹಳ್ಳಿ
೧೯ ಜುಲೈ ೧೯೯೮

ಸರ್,

ಬರಬೇಡಿ. ಬಂದು ಏನು ಕೇಳುತ್ತೀರಿ? ಆ ಹುಡುಗಿಯನ್ನು ಎಲ್ಲಿಗೆ ಕಳಿಸುತ್ತೀರಿ?

ಇದು ಕಥೆಯಲ್ಲ, ಪತ್ರ. ಈಗ ಇವರು ನನ್ನ ಪತ್ರ ಓದುವುದಿಲ್ಲ. ನಾನು ಯಾರಿಗೆ ಏನು ಬರೆದರೆ ಏನು ಅಂತ ಬಿಟ್ಟಿದ್ದಾರೆ. ಹಾಗಾಗಿ ಹೇಳಬೇಕಾದ್ದನ್ನು ಹೇಳುತ್ತೇನೆ. ನೇರವಾಗಿ ಯಾಕೆ ಬರೆಯಲಿಲ್ಲ ಅಂದಿರಿ. ಎರಡು ಸಲ ಬರೆದೆ, ಎರಡು ಸಲ ಹರಿದು ಒಲೆಗೆ ಹಾಕಿದೆ. ಇವರ ಕಣ್ಣಿಗೆ ಬಿದ್ದೀತೆಂಬ ಹೆದರಿಕೆ ಒಂದು. ನನ್ನ ಗಂಡನಿಗೆ ನಾನು ಬೇಡವಾದೆ ಅಂತ ನನ್ನ ಮೇಷ್ಟ್ರಿಗೆ ನನ್ನ ಕೈಯಾರೆ ಬರೆಯುವ ನಾಚಿಕೆ ಇನ್ನೊಂದು. ಆದರೂ ಕಥೆಯೊಳಗೆ ಬಸ್ಸಿನ ಹೊತ್ತನ್ನೂ ಬರೆದಿದ್ದೆ. ಅಯ್ಯೋ ಅನ್ನಬೇಕಾದವನು ಓದುಗ ಅಂತ ಕಲಿಸಿದಿರಿ. ನನಗಿದ್ದ ಓದುಗರು ನೀವೊಬ್ಬರೇ.

ಇಪ್ಪತ್ತರ ಬೆಳಿಗ್ಗೆಯೂ ನಾನು ಬಾಗಿಲು ನೋಡಿದ್ದು ನಿಜ. ಬರಬಾರದು ಅಂತ ನೀವು ಬರೆದ ಪ್ರತಿ ಅಕ್ಷರ ಬಾಯಿಪಾಠವಾಗಿತ್ತು, ಆದರೂ ನೋಡಿದೆ. ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಗಂಡನ ಮೇಲೂ ಬಂದಿಲ್ಲ.

ನಿಮ್ಮ ಪುಸ್ತಕಕ್ಕೆ ಒಂದು ಮಾತು ಬೇಕಾದರೆ ಸೇರಿಸಿಕೊಳ್ಳಿ. ಆ ಇಂಗ್ಲಿಷ್ ಕಥೆಗಳು ಯಾಕೆ ನಗಿಸುತ್ತವೆ ಅಂತ ನಾನು ಈಗ ಕಂಡುಕೊಂಡಿದ್ದೇನೆ. ಏಣಿ ಕಳೆದುಕೊಂಡವನು ಸಂಜೆ ತನ್ನ ಮನೆಗೆ ಹೋಗುತ್ತಾನೆ. ದುಃಖ ಬಂದಾಗ ಚಹಾಕ್ಕೆ ನೀರಿಡುವವಳಿಗೆ ನೀರಿಡಲು ತನ್ನದೊಂದು ಒಲೆ ಇರುತ್ತದೆ. ಅಷ್ಟು ಇದ್ದವರು ಬಾಯಿ ಮುಚ್ಚಿಕೊಂಡರೆ ಚೆಂದ. ನಾನು ಈಗ ಮಲಗುವುದು ಅಡಿಗೆ ಮನೆಯ ಆಚೆ, ಸೌದೆ ಇಡುತ್ತಿದ್ದ ಕಡೆ. ಒಲೆ ಮೈಲಮ್ಮನದು. ಅತ್ತೆ ಅದನ್ನೂ ಬಹಳ ಮೆತ್ತಗೆ ಹೇಳಿದಳು.

ಪತ್ರಿಕೆ ಅಂಗಡಿಗೆ ಬಂತು. ಅಚ್ಚಾದದ್ದು ಅಂತ ಇವರು ಈ ಸಲ ಓದಿದರು, ಬಂದ ರೈತರಿಗೆಲ್ಲ ಓದಿ ಹೇಳಿದರು. "ನಮ್ಮ ಮನಿಯಾಕಿ ಬರದಾಳ್ರಿ. ಇದರಾಗಿನ ಗಂಡ ಎಂಥಾ ದಡ್ಡ ಸೂಳೆಮಗ ಅದಾನ ನೋಡ್ರಿ" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ರಾತ್ರಿ ನನಗೂ ಹೇಳಿ ನಕ್ಕರು. ನಿಮಗೆ ತಿಳಿಯಲಿಲ್ಲ, ಇವರಿಗೂ ತಿಳಿಯಲಿಲ್ಲ. ಗುರು ಶಿಷ್ಯರಿಬ್ಬರೂ ಒಂದೇ ದರ್ಜೆಯಲ್ಲಿ ಪಾಸಾದಿರಿ.

ನಗದಿದ್ದವಳು ಮೈಲಮ್ಮ ಒಬ್ಬಳೇ. ಎಸ್ಸೆಸ್ಸೆಲ್ಸಿ ಓದಿದವಳು, ಬೆರಳಿಟ್ಟುಕೊಂಡು ನಿಧಾನವಾಗಿ ಕೊನೆಯವರೆಗೂ ಓದಿದಳು. ಮರುದಿನ ನೀರಿಗೆ ಹೋದಾಗ, ಕೊಡ ಇಳಿಸಿ, ನನ್ನ ಕಡೆ ತಿರುಗಿದಳು.

"ಅಕ್ಕಾ, ನೀ ಒಲ್ಲೆ ಅಂತಿ ಅಂತ ಸೆರಗು ಒಡ್ಡಿಕೊಂಡು ನಾ ನಿನ್ನ ಬಾಯೇ ನೋಡಾಕ ಹತ್ತಿದ್ದೆ. ನನಗ ಅನ್ನಾಕ ಬರ್ತಿರಲಿಲ್ಲ, ಅಂದಿದ್ರ ನಮ್ಮಪ್ಪ ಕೊಂದೇ ಹಾಕ್ತಿದ್ದ. ನಿನ್ನ ಕೇಳಿದ್ರಲ್ಲ ಅಕ್ಕಾ, ಅಷ್ಟು ಮಂದಿ ಮುಂದ ನಿನ್ನೊಬ್ಬಾಕಿನ್ನ ಕೇಳಿದ್ರು. ಒಂದು ಮಾತು ಅಂದಿದ್ರ ನೀನೂ ಉಳೀತಿದ್ದಿ, ನಾನೂ ಉಳೀತಿದ್ದೆ. ಯಾಕ ಅನ್ಲಿಲ್ಲ?"

ಅವಳಿಗೆ ಹತ್ತೊಂಬತ್ತು ವರ್ಷ ಸರ್. ಅವಳ ಮುಖ ನೋಡಲಾಗಲಿಲ್ಲ. ಕೊಡ ತುಂಬಿಸಿ, ಆಮೇಲೆ ಇದ್ದದ್ದನ್ನೇ ಹೇಳಿದೆ.

"ನಮ್ಮ ಸರ್ ಬ್ಯಾಡ ಅಂದಿದ್ರು."

ಸೌಭಾಗ್ಯ